ಓಲೆಯೊಳಗಿನ ಓಲೆ

ಪುಣೆಯ ಕನ್ನಡಿಗರಿಗೆ ಸ್ವಾರಗೇಟದ ಬಸ್ಸು ನಿಲ್ದಾಣವೆಂದರೆ ಊರಿಗೆ ಹೋಗುವ ಹೆಬ್ಬಾಗಿಲು. ಕುದುರೆ ಸವಾರರ ಕಾವಲು ಅಲ್ಲಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಈಗ ಅಲ್ಲಿ ನೆಲದಡಿಯಲ್ಲಿ ಮೆಟ್ರೊ ಕೂಡ ಓಡುತ್ತದೆ, 2024ರ ಸೆಪ್ಟೆಂಬರಿನಿಂದ. ತೊಂಬತ್ತರ ದಶಕದಲ್ಲಿ ನಮ್ಮ ಬಳಗಕ್ಕೆ ಆ ನಿಲ್ದಾಣವು ಅಂಚೆಮನೆಯೂ ಆಗಿದ್ದಿತು. 1997ರಲ್ಲಿ ನಾವೊಂದು ಸ್ಮರಣ ಸಂಚಿಕೆಯನ್ನು ಹೊರತಂದೆವು. ಬೆಳಗಾವಿ, ಹುಬ್ಬಳ್ಳಿ, ವಿಜಾಪುರ, ಸೊಲ್ಲಾಪುರಗಳ ಲೇಖಕರು ತಂತಮ್ಮ ಊರಿನಲ್ಲಿ ಟೈಪು ಮಾಡಿಸಿದ ಲೇಖನವನ್ನು ಫ್ಲಾಪಿಯಲ್ಲಿಟ್ಟು, ಫ್ಲಾಪಿಯನ್ನು ಲಕೋಟೆಯಲ್ಲಿಟ್ಟು, ಲಕೋಟೆಯನ್ನು ರಾತ್ರಿ ಬಸ್ಸಿನ ಚಾಲಕರ ಕೈಗಿತ್ತು ಕಳಿಸುತ್ತಿದ್ದರು. ನಸುಕಿನಲ್ಲಿ ನಮ್ಮಲ್ಲೊಬ್ಬರು ಹೋಗಿ ನಿಂತು ಅದನ್ನು ಇಸಿದುಕೊಳ್ಳಬೇಕು. ತಿದ್ದಿದ ಮೇಲೆ ಸಂಜೆಯ ಬಸ್ಸಿಗೆ ಮರಳಿ ಕಳಿಸಬೇಕು. ಒಂದು ಕಡತವನ್ನು ಹಲವರು ಕೂಡಿ ತಿದ್ದುವುದೆಂದರೆ ಆಗ ಹೀಗಿತ್ತು.

ಆ ಸಂಚಿಕೆಯನ್ನು ಮರುಮುದ್ರಿಸಬೇಕೆಂದು ಕಳೆದ ವರ್ಷ ನಿಶ್ಚಯಿಸಿದೆವು. ಅಚ್ಚಾದ ಪ್ರತಿಗಳಲ್ಲಿ ಕೈಗೆ ಸಿಕ್ಕವು ಎರಡು; ಎರಡರಲ್ಲೂ ನಡುವಿನ ಪುಟಗಳಿರಲಿಲ್ಲ. ಆದರೆ ಫ್ಲಾಪಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಮತ್ತೊಂದು ಗಣಕಕ್ಕೆ ಸಾಗುತ್ತ ಬಂದ ಮೂಲ ಕಡತಗಳು ಉಳಿದಿದ್ದವು. ಅವುಗಳಲ್ಲಿ ಮೂರು ಲೇಖನಗಳು ನಮ್ಮನ್ನು ಮೂರು ಬಗೆಯಲ್ಲಿ ಕಾಡಿದವು. ಒಂದು, ನಿವೃತ್ತ ಮಾಸ್ತರರೊಬ್ಬರದು. ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಯಾವ ಊರಿನಿಂದ, ಯಾವ ಕಾಲಕ್ಕೆ, ಯಾವ ಉದ್ಯೋಗಕ್ಕಾಗಿ ಬಂದವೆಂದು ಅವರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಒಂದು ಕೋಷ್ಟಕ ಮಾಡಿದ್ದರು. ಎರಡನೆಯದು ಬಳಗದ ವಾಚನಾಲಯದ ಲೆಕ್ಕವನ್ನು ಆಲೇಖದಲ್ಲಿ ತೋರಿಸಿದ ಬರಹ. ಮೂರನೆಯದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಕುರಿತದ್ದು, ಅದರ ತುಂಬ ಭಿನ್ನರಾಶಿಗಳು. ಮಾತನ್ನೆಲ್ಲ ವರ್ಡ್‌ನಲ್ಲಿ ಬರೆದಿದ್ದರು. ಕೋಷ್ಟಕ, ಆಲೇಖಗಳು ಎಕ್ಸೆಲ್‌ನಿಂದ ಬಂದಿದ್ದವು. ಗಣಿತದ ಸೂತ್ರಗಳು ಈಕ್ವೇಶನ್ ಎಡಿಟರ್ ಎಂಬ ಪುಟ್ಟ ತಂತ್ರಾಂಶದಿಂದ. ಒಂದು ಮನೆಯಲ್ಲಿ ಹುಟ್ಟಿದ ವಸ್ತು ಇನ್ನೊಂದು ಮನೆಗೆ ಅತಿಥಿಯಾಗಿ ಬಂದು ಇಪ್ಪತ್ತೇಳು ವರ್ಷ ಕಳೆದಿದ್ದವು. ಅತಿಥಿಗಳು ಈಗ ಹೇಗಿದ್ದಾರೆಂದು ನೋಡಹೊರಟಾಗ ಈ ಚರಿತ್ರೆ ಬಿಚ್ಚಿಕೊಂಡಿತು.

ಗಣಕದ ಬರಹವು ಮೊದಮೊದಲು ಒಂದೊಂದು ತಂತ್ರಾಂಶದ ಖಾಸಗಿ ಸೊತ್ತಾಗಿತ್ತು. ವರ್ಡ್‌ಸ್ಟಾರ್ ಬರೆದದ್ದನ್ನು ವರ್ಡ್‌ಸ್ಟಾರೇ ಓದಬೇಕು; ಲೋಟಸ್ ಕೂಡಿಸಿದ ಲೆಕ್ಕವನ್ನು ಲೋಟಸ್ಸೇ ತೋರಿಸಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ಕಾಣಬೇಕಾದರೆ ಬೇರೆ ಬೇರೆ ಅಚ್ಚು ಹಾಕಿ, ಕತ್ತರಿ ಹಿಡಿದು, ಗೋಂದು ಹಚ್ಚಬೇಕು. ಝೆರಾಕ್ಸ್ ಕಂಪನಿಯು 1981ರಲ್ಲಿ ಮಾರಾಟಕ್ಕೆ ತಂದ ಸ್ಟಾರ್ ಎಂಬ ಗಣಕದಲ್ಲಿ ಈ ಅವಸ್ಥೆಯಿರಲಿಲ್ಲ. ಅಕ್ಷರ, ಚಿತ್ರ, ಕೋಷ್ಟಕ, ಸೂತ್ರ ಎಲ್ಲವೂ ಒಂದೇ ಪುಟದಲ್ಲಿದ್ದು, ಇದ್ದಲ್ಲಿಯೇ ಅವುಗಳನ್ನು ತಿದ್ದಬಹುದಾಗಿತ್ತು. ಆದರೆ ಅದರ ಬೆಲೆ 16 ಸಾವಿರ ಡಾಲರಿಗೂ ಮಿಕ್ಕು. ಮೇಲಾಗಿ ಆ ಎಲ್ಲ ಬಗೆಯ ವಸ್ತುಗಳನ್ನೂ ಝೆರಾಕ್ಸಿನವರೇ ಮಾಡಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತರೆ ಅದರಲ್ಲಿ ವಿಶೇಷವೇನು? ಪರಸ್ಪರ ಪರಿಚಯವಿಲ್ಲದ ತಂತ್ರಾಂಶಗಳು ಒಂದು ಪುಟದಲ್ಲಿ ಕೂಡಿರುವುದೇ ಕಷ್ಟದ ಕೆಲಸ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಐ.ಬಿ.ಎಂ. ನೆರವಿನಿಂದ ಎಂಬತ್ತರ ದಶಕದಲ್ಲಿ ನಡೆದ ಆಂಡ್ರೂ ಯೋಜನೆಯು ಅದಕ್ಕೊಂದು ದಾರಿ ತೋರಿಸಿತು. ಸಾಮಾನ್ಯರ ಮೇಜಿಗೆ ಅದನ್ನು ತಂದದ್ದು ಮೈಕ್ರೊಸಾಫ್ಟ್.

1987ರ ವಿಂಡೋಸ್ 2ರಲ್ಲಿ ಒಂದು ತಂತ್ರಾಂಶವು ಇನ್ನೊಂದಕ್ಕೆ ಅಂಕೆಸಂಖ್ಯೆಗಳನ್ನು ದಾಟಿಸುವ ವ್ಯವಸ್ಥೆ ಬಂದಿತ್ತು. ಅದರ ಮೇಲೆ ಕಟ್ಟಿದ್ದು ಆಬ್ಜೆಕ್ಟ್ ಲಿಂಕಿಂಗ್ ಅಂಡ್ ಎಂಬೆಡಿಂಗ್. 1992ರ ವಿಂಡೋಸ್ 3.1 ಅದನ್ನು ಮನೆಮನೆಗೆ ಮುಟ್ಟಿಸಿತು. ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಓಲೇ’ ಎನ್ನುತ್ತಿದ್ದರು. ಕನ್ನಡದ ಕಿವಿಗೆ ಅದು ಓಲೆಯೆಂದು ಕೇಳಿಸಿದರೆ ತಪ್ಪೇನೂ ಆಗದು. ಓಲೆಯೊಳಗೆ ಇನ್ನೊಂದು ಓಲೆಯನ್ನು ಮಡಿಸಿಡುವ ಉಪಾಯವೇ ಅದಾಗಿತ್ತು. ಮೊದಲ ಆವೃತ್ತಿಯಲ್ಲಿ ಹುದುಗಿದ ಕೋಷ್ಟಕವನ್ನು ಎರಡು ಸಲ ಒತ್ತಿದರೆ ಎಕ್ಸೆಲ್ ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುತ್ತಿತ್ತು. 1993ರ ಎರಡನೆಯ ಆವೃತ್ತಿಯಲ್ಲಿ ಕಿಟಕಿ ಬದಲಾಗುವುದೂ ತಪ್ಪಿತು. ವರ್ಡ್ ಪುಟ ಅಲ್ಲಿಯೇ ಇದ್ದು, ಮೇಲಿನ ಮೆನುಗಳು ಮಾತ್ರ ಎಕ್ಸೆಲ್‌ನವಾಗಿ, ಹೊರಗೆ ಒತ್ತಿದೊಡನೆ ಮರಳಿ ವರ್ಡ್‌ನವಾಗುತ್ತಿದ್ದವು. ಅದನ್ನು ಮೊದಲ ಸಲ ಕಂಡಾಗ ನಮಗೆ ಬಯಲಾಟದ ಪಾತ್ರಧಾರಿ ರಂಗದ ಮೇಲೆಯೇ ವೇಷ ಬದಲಿಸಿದಂತೆ ತೋರಿತ್ತು.

ಇದರ ಒಳಗುಟ್ಟು ಸರಳ. ಹುದುಗಿದ ಪ್ರತಿಯೊಂದು ವಸ್ತುವಿನೊಡನೆ ಮೂರು ಸಂಗತಿಗಳು ಇರುತ್ತವೆ: ಅದು ಹುಟ್ಟಿದ ತಂತ್ರಾಂಶದ ಗುರುತು, ಆ ತಂತ್ರಾಂಶಕ್ಕೆ ಮಾತ್ರ ತಿಳಿಯುವ ಅದರ ನಿಜವಾದ ಸಾಮಗ್ರಿ, ಮತ್ತು ಬೇರೆಯವರಿಗೆ ತೋರಿಸಲು ಒಂದು ಚಿತ್ರ. ನಾವು ಪುಟದಲ್ಲಿ ಕಾಣುವುದು ಚಿತ್ರವನ್ನು. ಎರಡು ಸಲ ಒತ್ತಿದಾಗ ಗಣಕವು ಗುರುತನ್ನು ಓದಿ, ಆ ತಂತ್ರಾಂಶವನ್ನು ಕರೆದು, ಸಾಮಗ್ರಿಯನ್ನು ಅದರ ಕೈಗಿಡುತ್ತದೆ. ತಂತ್ರಾಂಶ ಆ ಗಣಕದಲ್ಲಿ ಇಲ್ಲದಿದ್ದರೆ ಚಿತ್ರವೊಂದೇ ಗತಿ, ನೋಡಬಹುದು, ತಿದ್ದಲಾಗದು. ಇದಕ್ಕಿಂತ ಬೇರೆಯಾದ ಇನ್ನೊಂದು ಬಗೆ ಕೊಂಡಿಯದು. ಕೊಂಡಿ ಹಾಕಿದಾಗ ಸಾಮಗ್ರಿಯು ಕಡತದೊಳಗೆ ಬರುವುದಿಲ್ಲ. ಚಿತ್ರವೂ, ಮೂಲ ಕಡತವು ಎಲ್ಲಿದೆಯೆಂಬ ವಿಳಾಸವೂ ಬರುತ್ತವೆ. ಮೂಲದಲ್ಲಿ ಅಂಕೆ ಬದಲಾದರೆ ಇಲ್ಲಿಯೂ ಬದಲಾಗುತ್ತದೆ, ಅದೇ ಅದರ ಅನುಕೂಲ. ಮೂಲವು ಸ್ಥಳ ಬಿಟ್ಟರೆ ವಿಳಾಸವು ಪಾಳುಮನೆಯದಾಗುತ್ತದೆ.

ನಮ್ಮ ವಾಚನಾಲಯದ ಲೇಖನಕ್ಕೆ ಆದದ್ದು ಇದೇ. ಅದನ್ನು ಬರೆದ ಗೆಳೆಯರು ಆಲೇಖಗಳನ್ನು ಕೊಂಡಿಯಿಂದ ಸೇರಿಸಿದ್ದರು. ಕಡತವು ಇಂದಿಗೂ ನಮ್ರವಾಗಿ ‘ಎ’ ಡ್ರೈವಿನಲ್ಲಿರುವ ಫ್ಲಾಪಿಯನ್ನು ಕೇಳುತ್ತದೆ. ಆ ಫ್ಲಾಪಿ ಯಾವ ಬಸ್ಸಿನಲ್ಲಿ ಉಳಿಯಿತೋ, ಯಾವ ಮೇಜಿನ ಖಾನೆಯಲ್ಲಿ ಬೂಸಲು ಹಿಡಿಯಿತೋ! ಆಲೇಖದ ಮಸುಕು ಚಿತ್ರ ಉಳಿದಿದೆ, ಅದರ ಹಿಂದಿನ ಲೆಕ್ಕ ಹೋಯಿತು.

ಬೇರೊಬ್ಬರ ಬರಹವು ನಮ್ಮ ಬರಹದೊಳಗೆ ಸೇರುವುದು ಗಣಕದಿಂದ ಹುಟ್ಟಿದ ಸಮಸ್ಯೆಯಲ್ಲ. ನಮ್ಮ ನಾಡಿನ ತಾಮ್ರಪಟಗಳಲ್ಲಿ ಆದಿ ಅಂತ್ಯದ ಶ್ಲೋಕಗಳು ಸಂಸ್ಕೃತದಲ್ಲಿದ್ದು, ಹೊಲದ ಎಲ್ಲೆಗಳ ವಿವರ ಮಾತ್ರ ಕನ್ನಡದಲ್ಲಿರುವುದು ಸಾಮಾನ್ಯ. ನಾಳೆ ಜಗಳವಾದರೆ ಊರಿನವರು ಓದಿ ಆಕ್ಷೇಪಿಸಬೇಕಾದ ಭಾಗ ಅದೊಂದೇ ತಾನೆ. ಇನ್ನು ತಾಡವೋಲೆಗಳಲ್ಲಿ ಪ್ರಕ್ಷೇಪಗಳು ಸೇರಿದ ಕಥೆ ಕುಮಾರವ್ಯಾಸನ ಓದುಗರಿಗೆ ಹೊಸದಲ್ಲ. ಯಾರೋ ಅಂಚಿನಲ್ಲಿ ಬರೆದ ಪದ್ಯವನ್ನು ಮುಂದಿನ ಪ್ರತಿಕಾರನು ಒಳಗೆ ಎಳೆದುಕೊಂಡ. ಅದು ಎಲ್ಲಿಂದ ಬಂದಿತೆಂಬ ಗುರುತು ಅಲ್ಲಿಗೆ ಅಳಿಸಿತು.

ಈ ಗುರುತನ್ನು ಮರಳಿ ಹುಡುಕುವ ಕೆಲಸದ ಬಹುದೊಡ್ಡ ಉದಾಹರಣೆ ನಮ್ಮ ಪುಣೆಯಲ್ಲಿಯೇ ಇದೆ. 1917ರಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿತು. 1,259 ಹಸ್ತಪ್ರತಿಗಳು, ಹತ್ತೊಂಬತ್ತು ಸಂಪುಟಗಳು. ವಿ.ಎಸ್. ಸುಖಠಣಕರರ ಸಂಪಾದಕತ್ವದಲ್ಲಿ ಆದಿಪರ್ವವು 1933ರಲ್ಲಿ ಪೂರ್ಣವಾಯಿತು. ಅವರು ಪ್ರಕ್ಷಿಪ್ತವೆಂದು ಕಂಡುದನ್ನು ಎಸೆಯಲಿಲ್ಲ. ಚಿಕ್ಕದಾದರೆ ನಕ್ಷತ್ರದ ಗುರುತು ಹಾಕಿ ಪುಟದ ಕೆಳಗೆ, ದೊಡ್ಡದಾದರೆ ಪರಿಶಿಷ್ಟದಲ್ಲಿ, ಯಾವ ಯಾವ ಪ್ರತಿಗಳಲ್ಲಿ ಅದು ಇದೆಯೆಂಬ ಸಂಕೇತಗಳೊಡನೆ ಅಚ್ಚು ಮಾಡಿದರು. ವ್ಯಾಸರು ಹೇಳಿದರು, ಗಣೇಶನು ಬರೆದನು ಎಂಬ ಕಥೆಯೇ ಹೀಗೆ ಪರಿಶಿಷ್ಟಕ್ಕೆ ಸರಿಯಿತು. ಅದೂ ಗಣೇಶನನ್ನು ಬೀದಿಬೀದಿಯಲ್ಲಿ ಕೂರಿಸುವ ಊರಿನಲ್ಲಿ! ಆದರೂ ಅದು ಇದ್ದಲ್ಲಿ ಇದೆ, ಯಾರು ಬೇಕಾದರೂ ನೋಡಬಹುದು. ಹೊರಗಿನಿಂದ ಬಂದ ವಸ್ತುವು ತನ್ನ ಊರಿನ ಹೆಸರನ್ನು ಕಳೆದುಕೊಳ್ಳದೆ ಪುಟದಲ್ಲಿ ಇರಬೇಕೆಂಬ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಪಾಲಿಸಿದ ತಂತ್ರಾಂಶವನ್ನು ನಾವು ಕಂಡಿಲ್ಲ.

ಆಪಲ್, ಐ.ಬಿ.ಎಂ. ಮೊದಲಾದವರು ತೊಂಬತ್ತರ ದಶಕದಲ್ಲಿ ಓಪನ್‌ಡಾಕ್ ಎಂಬ ಎದುರಾಳಿಯನ್ನು ಕಟ್ಟಿದರು. ಕಡತಕ್ಕೆ ಯಜಮಾನ ತಂತ್ರಾಂಶವೆಂಬುದೇ ಬೇಡ, ಪುಟವೇ ಮುಖ್ಯ, ಪ್ರತಿಯೊಂದು ಭಾಗವನ್ನೂ ಅದಕ್ಕೆ ತಕ್ಕ ಸಣ್ಣ ಉಪಕರಣ ನೋಡಿಕೊಳ್ಳಲಿ ಎಂಬುದು ಅದರ ಆಶಯ. ಆಶಯ ಉದಾತ್ತವಾಗಿತ್ತು, ಗಣಕಗಳ ಶಕ್ತಿ ಸಾಲಲಿಲ್ಲ, ಮಾರುವವರೂ ಮುಂದೆ ಬರಲಿಲ್ಲ. 1997ರಲ್ಲಿ ಆಪಲ್ ಅದನ್ನು ಕೈಬಿಟ್ಟಿತು.

ಈಗ ಮಾಸ್ತರರ ಕೋಷ್ಟಕಕ್ಕೆ ಬರೋಣ. ಅವರು ಕೊಂಡಿ ಹಾಕಿರಲಿಲ್ಲ, ಹುದುಗಿಸಿದ್ದರು. ಆದರೂ ಕಡತ ತೆರೆದಾಗ ಕಂಡದ್ದು ಇಂಗ್ಲಿಷ್ ಅಕ್ಷರಗಳೂ, ತಲೆಯ ಮೇಲೆ ಚುಕ್ಕೆಗಳಿದ್ದ ಯುರೋಪಿನ ಸ್ವರಗಳೂ ಕಲಸಿದ ಒಂದು ರಾಶಿ. ಇದರ ಕಾರಣಕ್ಕಾಗಿ ಕನ್ನಡವು ಗಣಕಕ್ಕೆ ಬಂದ ದಾರಿಯನ್ನೇ ನೋಡಬೇಕು. ಆ ದಾರಿಯ ಒಂದು ಮುಖ್ಯ ತಿರುವು ಪುಣೆಯಲ್ಲಿದೆ. ಕಾನ್ಪುರದ ಐ.ಐ.ಟಿ.ಯಲ್ಲಿ ಭಾರತೀಯ ಲಿಪಿಗಳಿಗಾಗಿ ನಡೆದಿದ್ದ ಕೆಲಸವು, 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆಗೆ ಮೋಹನ ತಾಂಬೆಯವರೊಡನೆ ಬಂದಿತು. ಅಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಗಣಕದೊಳಗೆ ಸಿಕ್ಕಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ಗಳಂಥ ಹಳೆಯ ತಂತ್ರಾಂಶಗಳಲ್ಲಿ ಕನ್ನಡ ಮೂಡುತ್ತಿತ್ತು. ಅದು ಇಸ್ಕಿ ಸಂಕೇತವನ್ನು ಬಳಸುತ್ತಿತ್ತು. 1991ರಲ್ಲಿ ಆ ಸಂಕೇತವು ಭಾರತೀಯ ಮಾನಕವಾಯಿತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ಸಂಕೇತ. ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದೇ ಸಂಖ್ಯೆ. ಸಂಗ್ರಹವಾಗುವುದು ಅಕ್ಷರ, ಅದರ ಆಕಾರವನ್ನು ಬರೆದು ತೋರಿಸುವ ಹೊಣೆ ಬೇರೆಯವರದು. ಸಾಮಗ್ರಿ ಬೇರೆ, ಚಿತ್ರ ಬೇರೆ ಎಂಬ ವಿವೇಕ ಅಲ್ಲಿತ್ತು.

ವಿಂಡೋಸ್ ಬಂದ ಮೇಲೆ ಅಕ್ಷರ ಬಿಡಿಸುವ ಕೆಲಸವನ್ನು ಅದೇ ವಹಿಸಿಕೊಂಡಿತು. ಅದಕ್ಕೆ ಕನ್ನಡ ತಿಳಿಯದು. ಪುಸ್ತಕ, ಲಗ್ನಪತ್ರಿಕೆ, ಪತ್ರಿಕೆಗಳ ಅಚ್ಚಿನ ಕೆಲಸ ನಿಲ್ಲುವಂತಿರಲಿಲ್ಲ. ಆಗ ಎಲ್ಲರೂ ಹಿಡಿದ ದಾರಿ ಫಾಂಟಿನದು. ಸ್ವಾರಗೇಟದಿಂದ ಹೊರಡುವ ಸಾತಾರಾ ರಸ್ತೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, 1998ರಲ್ಲಿ ಶೇಷಾದ್ರಿವಾಸು ಅವರು ತಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಿಂದಾಗಿಯೇ ಕನ್ನಡದ ಅಚ್ಚುಮನೆಗಳು ನಡೆದವು. ಆ ಉಪಕಾರವನ್ನು ಮರೆಯಲಾಗದು. ಆದರೆ ಫಾಂಟಿನ ದಾರಿಯಲ್ಲಿ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಮೊದಲಾದ ಭಾಷೆಗಳ ಸಂಕೇತಗಳೇ. ಒತ್ತು, ಕೊಂಬು, ತಲೆಕಟ್ಟುಗಳ ಚೂರುಗಳನ್ನು ಆ ಸಂಕೇತಗಳ ಜಾಗದಲ್ಲಿ ಕೂರಿಸಿ ಕನ್ನಡದ ವೇಷ ಕಟ್ಟುತ್ತಿದ್ದರು. ಒಬ್ಬೊಬ್ಬರ ವೇಷ ಒಂದೊಂದು ಬಗೆ. ವರ್ಡ್‌ನ ಪಾಲಿಗೆ ಕನ್ನಡವೇ ಒಂದು ಪರಕೀಯ ವಸ್ತುವಾಗಿತ್ತು. ಅದೂ ಚಿತ್ರ ಮಾತ್ರ ಇದ್ದು, ಸಾಮಗ್ರಿಯೂ ಊರಿನ ಗುರುತೂ ಇಲ್ಲದ ವಸ್ತು.

ಮಾಸ್ತರರ ಕೋಷ್ಟಕದ ಚಿತ್ರವು ಒಂದು ಫಾಂಟಿನ ಹೆಸರನ್ನು ಹೇಳುತ್ತಿತ್ತು. ಆ ಫಾಂಟ್ ನಮ್ಮ ಇಂದಿನ ಗಣಕಗಳಲ್ಲಿ ಇಲ್ಲ. ವೇಷ ಕಳಚಿದಾಗ ಕಂಡದ್ದು ಆ ರಾಶಿ. ಒಂದು ಸಮಾಧಾನವೆಂದರೆ ಹಿಂದಿನ ಎಕ್ಸೆಲ್ ಸಾಮಗ್ರಿ ಕಡತದೊಳಗೆ ಇದ್ದೇ ಇತ್ತು. ನಮ್ಮ ಕಿರಿಯ ಸದಸ್ಯರೊಬ್ಬರು ಅದನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರು. ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕದಿಂದ ಒಂದೊಂದೇ ಕಂಬವನ್ನು ಹಾಯಿಸಿದರು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು, ಮತ್ತು ಅಲ್ಲಿಯ ಅಕ್ಷರಗಳ ಕ್ರಮವು ಇಸ್ಕಿಯಿಂದ ಬಂದದ್ದು. ಆದರೆ ವಿಂಡೋಸ್ ತಾನೇ ಕನ್ನಡವನ್ನು ಬರೆದು ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಡನೆ. ಪುಣೆಯಲ್ಲಿ ಮೊದಲೇ ಸಿಕ್ಕಿದ್ದ ವಿವೇಕವು ನಮ್ಮ ಮೇಜಿಗೆ ಮರಳಲು ಹತ್ತು ವರ್ಷ ಹಿಡಿಯಿತು. ಮಾಸ್ತರರ ಕೋಷ್ಟಕ ಸಿದ್ಧವಾದದ್ದು ಆ ಹತ್ತು ವರ್ಷಗಳ ನಡುವೆ. ಎರಡು ಸಂಜೆಗಳ ಕೆಲಸದ ಬಳಿಕ ಬಾಗಲಕೋಟೆ, ಗದಗ, ಇಳಕಲ್ಲು ಎಂದು ಊರಿನ ಹೆಸರುಗಳು ಒಂದೊಂದಾಗಿ ಎದ್ದುಬಂದಾಗ ನಮ್ಮಲ್ಲಿ ಹಿರಿಯರೊಬ್ಬರು ತಮ್ಮ ತಂದೆಯ ಹೆಸರನ್ನು ಕಂಡು ಸುಮ್ಮನೆ ಕುಳಿತುಬಿಟ್ಟರು.

ಗಣಿತಸಾರಸಂಗ್ರಹದ ಲೇಖನದಲ್ಲಿ ಆದದ್ದು ಇದಕ್ಕೆ ವಿಲೋಮ. ಅಲ್ಲಿ ಚಿತ್ರಗಳು ಅಚ್ಚುಕಟ್ಟಾಗಿವೆ, ಒಂದು ಭಿನ್ನರಾಶಿಯಲ್ಲಿ ತಪ್ಪಿದೆ, ತಿದ್ದಲು ಬರುವುದಿಲ್ಲ. 2017ರ ನವೆಂಬರಿನಲ್ಲಿ ಈಕ್ವೇಶನ್ ಎಡಿಟರಿನ ಒಂದು ಹಳೆಯ ದೋಷವು ಬಯಲಾಯಿತು. ಹುದುಗಿಸಿದ ಸೂತ್ರವೊಂದರ ಮೂಲಕ ಕಳ್ಳರು ಗಣಕದೊಳಗೆ ನುಗ್ಗಬಹುದಾಗಿತ್ತು. 2018ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಆ ಉಪಕರಣವನ್ನೇ ಕಿತ್ತುಹಾಕಿತು. ಅತಿಥಿಯನ್ನು ಕರೆದೊಡನೆ ಅವನ ತವರಿನವರನ್ನೆಲ್ಲ ಎಬ್ಬಿಸುವ ವ್ಯವಸ್ಥೆಯಲ್ಲಿ ಈ ಅಪಾಯ ಮೊದಲಿನಿಂದಲೂ ಇತ್ತು. ಕಿತ್ತದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೂ ಅದರಲ್ಲಿ ಬರೆದಿಟ್ಟ ಸೂತ್ರಗಳೆಲ್ಲ ಒಂದೇ ದಿನ ಗಾಜಿನ ಪೆಟ್ಟಿಗೆಯೊಳಗೆ ಸೇರಿದಂತಾಯಿತು. ನಾವು ಆ ಸೂತ್ರಗಳನ್ನು ಹೊಸದಾಗಿ ಬರೆದೆವು.

ಮರುಮುದ್ರಣದ ಕಡತವನ್ನು ಈ ಸಲ ಬಸ್ಸಿಗೆ ಕೊಡಲಿಲ್ಲ, ಗೂಗಲ್ ಡಾಕ್ಸ್‌ನಲ್ಲಿಟ್ಟೆವು. ಹಲವರು ಒಂದೇ ಹೊತ್ತಿಗೆ ಒಂದೇ ಪುಟವನ್ನು ತಿದ್ದುವ ಈ ಪದ್ಧತಿ 2006ರಿಂದ ಜನಸಾಮಾನ್ಯರದಾಯಿತು. ಹಳೆಯ ಓಲೆಯ ಊಹೆ ಬೇರೆ ಇತ್ತು: ಒಂದು ಗಣಕ, ಅದರೆದುರು ಒಬ್ಬ ಮನುಷ್ಯ, ಎಲ್ಲ ತಂತ್ರಾಂಶಗಳೂ ಅವನ ಬಳಿಯಿವೆ. ಇಲ್ಲಿ ಮಾಸ್ತರರ ಕೋಷ್ಟಕವನ್ನು ಸೇರಿಸಬೇಕಾದರೆ ಅದನ್ನು ಗೂಗಲ್ ಶೀಟ್ಸ್‌ಗೆ ತಂದು ಕೊಂಡಿ ಹಾಕಬೇಕು. ಮೂಲದಲ್ಲಿ ಬದಲಾದರೆ ‘ನವೀಕರಿಸಿ’ ಎಂಬ ಗುಂಡಿ ಕಾಣಿಸುತ್ತದೆ. ವಿಳಾಸ ತಪ್ಪುವ ಭಯ ಕಡಿಮೆ. ಅದರ ಬದಲು ಪರವಾನಗಿಯ ಪ್ರಶ್ನೆ ಬಂದಿದೆ: ಪುಟವನ್ನು ತಿದ್ದುವ ಹಕ್ಕು ಇದ್ದವರಿಗೆಲ್ಲ ಅತಿಥಿಯನ್ನು ತಿದ್ದುವ ಹಕ್ಕು ಇರಬೇಕೇ? ಅತಿಥಿಯ ಮನೆಯೊಳಗೆ ಇಣುಕುವ ಹಕ್ಕು?

ಈ ಪ್ರಶ್ನೆ ನಮಗೆ ಬಂದದ್ದು ತಡವಾಗಿ. ಎಕ್ಸೆಲ್‌ನಿಂದ ನಾಲ್ಕು ಸಾಲು ನಕಲಿಸಿ ಹುದುಗಿಸಿದರೂ ಒಳಗೆ ಸೇರುವುದು ಆ ನಾಲ್ಕು ಸಾಲಲ್ಲ, ಇಡೀ ಪುಸ್ತಕ. ಕಾಣುವುದು ನಾಲ್ಕು ಸಾಲು ಅಷ್ಟೇ. ಮಾಸ್ತರರ ಕಡತದಲ್ಲಿ ಕೋಷ್ಟಕದ ಹಿಂದೆ ಎರಡನೆಯ ಹಾಳೆಯೊಂದಿತ್ತು. ಮನೆಮನೆಗೆ ಹೋದಾಗ ಯಾರ ಮಗನ ಫೀಸಿಗೆ ಎಷ್ಟು ಕಡಿಮೆಯಿತ್ತು, ಯಾರಿಗೆ ತಮ್ಮ ಪಿಂಚಣಿಯಿಂದ ಎಷ್ಟು ಕೊಟ್ಟರು, ಯಾರು ಮರಳಿಸಿದರು, ಯಾರಿಂದ ಕೇಳಬಾರದು ಎಂದು ಅವರು ಅಲ್ಲಿ ಬರೆದಿಟ್ಟಿದ್ದರು. 1997ರಲ್ಲಿ ಆ ಫ್ಲಾಪಿ ಸಂಪಾದಕರ ಕೈಯಲ್ಲಿ ತಿಂಗಳುಗಟ್ಟಲೆ ಇದ್ದಿತು. ಯಾರೂ ಎರಡು ಸಲ ಒತ್ತಿ ನೋಡಿರಲಿಲ್ಲ. ಈಗ ನಾವು ಇಡೀ ಪುಸ್ತಕವನ್ನು ಯೂನಿಕೋಡಿಗೆ ತಿರುಗಿಸಿ, ಹನ್ನೊಂದು ಜನರಿಗೆ ತೆರೆದಿಟ್ಟಿದ್ದೆವು. ತಪ್ಪು ತಿಳಿದು ಮರಳಿ ಮುಚ್ಚುವಷ್ಟರಲ್ಲಿ ಇಬ್ಬರು ನೋಡಿಯಾಗಿತ್ತು. ಅವರಲ್ಲೊಬ್ಬರ ಮನೆತನದ ಹೆಸರು ಆ ಹಾಳೆಯಲ್ಲಿತ್ತು.

ಮಾಸ್ತರರು ಈಗಿಲ್ಲ. ಧಾರವಾಡದಲ್ಲಿರುವ ಅವರ ಮಗಳಿಗೆ ಫೋನು ಮಾಡಿ, ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಊರಿನ ಹೆಸರು ಛಾಪಸ್ರಿ, ಅಪ್ಪಾರಿಗೆ ಅದ ಬೇಕಾಗಿತ್ತು. ಆ ಇನ್ನೊಂದು ಹಾಳಿ ಮಾತ್ರ ನನಗ ಕೊಡ್ರಿ” ಎಂದರು.

ಸಂಚಿಕೆಯಲ್ಲಿ ಕೋಷ್ಟಕವು ಈಗ ಬರಿಯ ಅಕ್ಷರಗಳ ಕೋಷ್ಟಕವಾಗಿದೆ. ಕೊಂಡಿಯಿಲ್ಲ, ಅದರ ಹಿಂದೆ ಏನೂ ಇಲ್ಲ. ಕೆಳಗೆ ಒಂದು ಅಡಿಟಿಪ್ಪಣಿಯಲ್ಲಿ, ಇದು ಯಾರ ಸಂಗ್ರಹ, ಯಾವ ಕಡತದಿಂದ ಹೇಗೆ ತೆಗೆದದ್ದು ಎಂದು ಬರೆದಿದ್ದೇವೆ. ಆಲೇಖದ ಲೇಖನವನ್ನು ಮಸುಕು ಚಿತ್ರದೊಡನೆಯೇ ಅಚ್ಚು ಮಾಡುತ್ತಿದ್ದೇವೆ. ಮದುವೆಯೊಂದಕ್ಕೆ ಪುಣೆಗೆ ಬಂದಿದ್ದ ಮಾಸ್ತರರ ಮಗಳಿಗೆ ಮೂಲ ಕಡತವಿದ್ದ ಪೆನ್ ಡ್ರೈವನ್ನು ಸ್ವಾರಗೇಟದಲ್ಲಿ, ಧಾರವಾಡದ ರಾತ್ರಿ ಬಸ್ಸಿನ ಬಾಗಿಲಲ್ಲಿ ಕೊಟ್ಟೆವು. ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಬುತ್ತಿಯ ಚೀಲದೊಳಗೆ ಇಟ್ಟುಕೊಂಡರು. ಚಾಲಕರು ಹಾರ್ನು ಮಾಡಿದರು.